ಹೆದ್ದಾರಿಯಲ್ಲಿ ಹಿಂದಿನಿಂದ ಡಿಕ್ಕಿ: ತಪ್ಪು ಯಾರದೆಂದು ತೀರ್ಮಾನವಾಗುವ ಬಗೆ

ಒಂದು ವಾಹನ ಇನ್ನೊಂದರ ಬೆನ್ನಿಗೆ ಗುದ್ದಿದ ಕೂಡಲೇ ಸುತ್ತ ಸೇರಿದವರು ತೀರ್ಪು ಕೊಟ್ಟುಬಿಡುತ್ತಾರೆ: ಹಿಂದೆ ಬಂದವನದ್ದೇ ತಪ್ಪು. ಬಹಳ ಸಲ ಆ ತೀರ್ಪು ಸರಿಯಾಗಿಯೇ ಇರುತ್ತದೆ. ಆದರೆ ಕಾನೂನು ಅಲ್ಲಿಂದ ಹೊರಡುತ್ತದೆಯೇ ಹೊರತು ಅಲ್ಲಿಗೇ ಮುಗಿಸುವುದಿಲ್ಲ. ಮುಂದಿನ ವಾಹನ ಕಾರಣವಿಲ್ಲದೆ ಗಕ್ಕನೆ ನಿಂತಿತೇ, ಹಿಂಬದಿ ದೀಪವಿಲ್ಲದೆ ಕತ್ತಲಲ್ಲಿ ನಿಂತುಕೊಂಡಿತ್ತೇ, ಪಕ್ಕದ ಲೇನ್‌ನಿಂದ ಏಕಾಏಕಿ ಒಳಗೆ ನುಗ್ಗಿತೇ ಎಂಬುದನ್ನು ನೋಡಿ ತಪ್ಪನ್ನು ಹಂಚಲಾಗುತ್ತದೆ. ಕೆಲವೊಮ್ಮೆ ಅದು ಪೂರ್ತಿಯಾಗಿ ಮುಂದಿನವನ ತಲೆಗೇ ಬರುತ್ತದೆ. ಹೀಗೆ ಹಂಚುವವರು ಅಪಘಾತವನ್ನು ಕಣ್ಣಾರೆ ಕಂಡವರಲ್ಲ. ಮೊದಲ ಎರಡು ಮೂರು ದಿನಗಳಲ್ಲಿ ಯಾರೋ ಬರೆದಿಟ್ಟ ನಾಲ್ಕೈದು ಕಾಗದಗಳನ್ನು ಓದಿ, ವರ್ಷಗಳ ನಂತರ ಅವರು ನಿರ್ಧರಿಸುತ್ತಾರೆ. ಆ ಕಾಗದಗಳಲ್ಲಿ ನಿಮ್ಮ ಕಡೆಯ ಸತ್ಯ ಸೇರುವಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಯಾರ ಮುಂದೆ ತೀರ್ಮಾನವಾಗುತ್ತದೆ?

ಒಂದೇ ಅಪಘಾತವನ್ನು ಮೂರು ಕಡೆ ಅಳೆಯುತ್ತಾರೆ, ಮೂರೂ ಕಡೆಯ ತಕ್ಕಡಿ ಬೇರೆ.

ಪೊಲೀಸರು ದಾಖಲಿಸುವುದು ಕ್ರಿಮಿನಲ್ ಪ್ರಕರಣ. 2024ರ ಜುಲೈ 1ರ ನಂತರದ ಅಪಘಾತಗಳಿಗೆ ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ: ಅಜಾಗರೂಕ ಚಾಲನೆಗೆ ಕಲಂ 281, ಗಾಯವಾದರೆ ಕಲಂ 125, ಸಾವು ಸಂಭವಿಸಿದರೆ ಕಲಂ 106(1). ಇಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಅಪರಾಧ ಸಾಬೀತಾಗಬೇಕು. ಎರಡನೆಯದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಅಲ್ಲಿನ ಮಾನದಂಡ ಸಡಿಲ, ಯಾವ ಕಥೆ ಹೆಚ್ಚು ನಂಬಲರ್ಹ ಎಂಬುದಷ್ಟೇ ಪ್ರಶ್ನೆ. ಮೂರನೆಯದು ವಿಮಾ ಕಂಪನಿ. ಯಾರಿಗೂ ಗಾಯವಾಗದೆ ಬಂಪರ್, ಕಾರಿನ ಹಿಂಬದಿ ಬಾಗಿಲು ಮಾತ್ರ ಜಜ್ಜಿದ್ದರೆ ಸಾಮಾನ್ಯವಾಗಿ ಇಬ್ಬರೂ ತಂತಮ್ಮ ಸಮಗ್ರ ಪಾಲಿಸಿಯಲ್ಲಿ ರಿಪೇರಿ ಮಾಡಿಸಿಕೊಂಡು ಹೋಗುತ್ತಾರೆ. ನೋ ಕ್ಲೇಮ್ ಬೋನಸ್ ಹೋಗುವುದೊಂದೇ ಸಂಕಟ. ಅಂಥ ಪ್ರಕರಣದಲ್ಲಿ ತಪ್ಪು ಯಾರದೆಂದು ರಸ್ತೆಯಲ್ಲಿ ನಿಂತು ಗಂಟಲು ಹರಿದುಕೊಳ್ಳುವುದರಿಂದ ಏನೂ ಸಿಗುವುದಿಲ್ಲ. ಗಾಯ, ಅಂಗವೈಕಲ್ಯ ಅಥವಾ ಸಾವು ಇದ್ದಾಗ ಮಾತ್ರ ಈ ಪ್ರಶ್ನೆಗೆ ಲಕ್ಷಗಳ ಬೆಲೆ ಬರುತ್ತದೆ.

ಕ್ರಿಮಿನಲ್ ಪ್ರಕರಣದಲ್ಲಿ ಖುಲಾಸೆಯಾದವನ ವಾಹನದ ವಿಮಾ ಕಂಪನಿಯೇ ನ್ಯಾಯಮಂಡಳಿಯಲ್ಲಿ ಪೂರ್ತಿ ಪರಿಹಾರ ಕೊಡಬೇಕಾಗಿ ಬರುವುದುಂಟು. ಮಾನದಂಡಗಳು ಬೇರೆಯಾದ್ದರಿಂದ ಇದರಲ್ಲಿ ವಿರೋಧವಿಲ್ಲ.

ನಿಯಮ ಏನು ಹೇಳುತ್ತದೆ?

1989ರ ರಸ್ತೆ ನಿಯಮಾವಳಿಯಲ್ಲಿ ಅಕ್ಕಪಕ್ಕದಲ್ಲೇ ಎರಡು ನಿಯಮಗಳಿದ್ದವು. 23ನೆಯದು ಹಿಂದಿನವನಿಗೆ: ಮುಂದಿನ ವಾಹನ ಹಠಾತ್ತಾಗಿ ನಿಧಾನಿಸಿದರೂ ನಿಂತರೂ ಡಿಕ್ಕಿಯಾಗದಷ್ಟು ಅಂತರ ಬಿಟ್ಟಿರಬೇಕು. 24ನೆಯದು ಮುಂದಿನವನಿಗೆ: ಸುರಕ್ಷತೆಗೆ ಅಗತ್ಯವಿದ್ದರೆ ಹೊರತು ಹಠಾತ್ ಬ್ರೇಕ್ ಹಾಕಬಾರದು. ಇವುಗಳ ಜಾಗಕ್ಕೆ 2017ರ ಚಾಲನಾ ನಿಯಮಗಳು ಬಂದಿವೆ, ಅಂತರ ಕಾಯ್ದುಕೊಳ್ಳುವ ತತ್ವ ಬದಲಾಗಿಲ್ಲ. ಬಹುತೇಕ ಜನರಿಗೆ ಮೊದಲ ನಿಯಮ ಗೊತ್ತು, ಎರಡನೆಯದು ಗೊತ್ತಿಲ್ಲ. ವಕೀಲರ ವಾದವೆಲ್ಲ ನಡೆಯುವುದು ಈ ಎರಡರ ನಡುವಿನ ಜಾಗದಲ್ಲಿ.

ಸಾಕಷ್ಟು ಅಂತರ ಎಂದರೆ ಎಷ್ಟು? ಗಂಟೆಗೆ 100 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೂ ಅಷ್ಟರಲ್ಲಿ 42 ಮೀಟರ್ ಕಳೆದಿರುತ್ತದೆ. ಒಣ ರಸ್ತೆಯಲ್ಲಿ, ಒಳ್ಳೆಯ ಟೈರಿನಲ್ಲಿ ಅಲ್ಲಿಂದ ಪೂರ್ತಿ ನಿಲ್ಲಲು ಮತ್ತೆ 55 ಮೀಟರ್‌ನಷ್ಟು ಬೇಕು. ಮುಂದಿನ ಕಾರಿಗೂ ನಿಲ್ಲಲು ಜಾಗ ಬೇಕಾಗುವುದರಿಂದ ಅಷ್ಟೂ ಅಂತರ ಬಿಡಬೇಕಾಗಿಲ್ಲ, ಆದರೆ ಮೂರು ಸೆಕೆಂಡಿನ ಅಂತರ, ಅಂದರೆ ಸುಮಾರು 80 ಮೀಟರ್, ವಿವೇಕದ ಲೆಕ್ಕ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಯಾವುದೇ ಭಾನುವಾರ ಸಂಜೆ ಎಷ್ಟು ಜನ ಇಷ್ಟು ಜಾಗ ಬಿಡುತ್ತಾರೆಂದು ನೋಡಿದರೆ ಅಪಘಾತ ಇಷ್ಟಕ್ಕೇ ನಿಂತಿದೆಯಲ್ಲ ಎಂದು ಆಶ್ಚರ್ಯವಾಗುತ್ತದೆ.

2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಒಂದು ಪ್ರಕರಣದಲ್ಲಿ ಮಾರುತಿ ಕಾರೊಂದು ಟ್ರಕ್ಕಿನ ಹಿಂದೆ 10–15 ಅಡಿ ಅಂತರದಲ್ಲಿ ಹೋಗುತ್ತಿತ್ತು. ಟ್ರಕ್ ಬ್ರೇಕ್ ಹಾಕಿತು, ಕಾರು ಹೋಗಿ ಗುದ್ದಿತು. ಅಷ್ಟು ಕಡಿಮೆ ಅಂತರದಲ್ಲಿ ಹಿಂಬಾಲಿಸುವುದೇ 23ನೆಯ ನಿಯಮದ ಉಲ್ಲಂಘನೆ ಎಂದ ನ್ಯಾಯಾಲಯ, ಟ್ರಕ್ ಚಾಲಕನ ನಿರ್ಲಕ್ಷ್ಯ ಸಾಬೀತಾಗಿಲ್ಲ ಎಂಬ ಕೆಳಗಿನ ತೀರ್ಪನ್ನು ಎತ್ತಿಹಿಡಿಯಿತು.

ಇದಕ್ಕೆ ಎದುರಾಗಿ 2025ರ ಜುಲೈನ ತೀರ್ಪೊಂದಿದೆ. ಕೊಯಮತ್ತೂರಿನಲ್ಲಿ 2017ರ ಜನವರಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನ ಬೈಕ್, ರಸ್ತೆ ನಡುವೆ ಗಕ್ಕನೆ ನಿಂತ ಕಾರಿಗೆ ಹಿಂದಿನಿಂದ ಬಡಿಯಿತು. ಕೆಳಗೆ ಬಿದ್ದವನ ಕಾಲ ಮೇಲೆ ಹಿಂದಿನಿಂದ ಬಂದ ಬಸ್ ಹರಿದು ಕಾಲು ಕತ್ತರಿಸಬೇಕಾಯಿತು. ಗರ್ಭಿಣಿ ಪತ್ನಿಗೆ ವಾಂತಿ ಬಂದಂತಾಯಿತು, ಅದಕ್ಕೆ ನಿಲ್ಲಿಸಿದೆ ಎಂದು ಕಾರಿನವನು ಹೇಳಿದ. ವೇಗದ ರಸ್ತೆಯ ನಡುವೆ ಯಾವ ಸೂಚನೆಯನ್ನೂ ಕೊಡದೆ ನಿಲ್ಲಿಸುವುದಕ್ಕೆ ಇದು ಸಮರ್ಥನೆಯಾಗದು ಎಂದಿತು ಸುಪ್ರೀಂ ಕೋರ್ಟ್. ತಪ್ಪಿನ ಪಾಲು ಹೀಗೆ ಹಂಚಿಕೆಯಾಯಿತು: ಕಾರಿಗೆ ಶೇ 50, ಬಸ್ಸಿಗೆ ಶೇ 30, ಸಾಕಷ್ಟು ಅಂತರ ಬಿಡದೆ, ಚಾಲನಾ ಪರವಾನಗಿಯೂ ಇಲ್ಲದೆ ಬಂದ ಬೈಕ್ ಸವಾರನಿಗೆ ಶೇ 20. ಹಿಂದಿನಿಂದ ಗುದ್ದಿದವನಿಗೆ ಸಿಕ್ಕಿದ್ದು ತಪ್ಪಿನ ಅತಿ ಸಣ್ಣ ಪಾಲು ಎಂಬುದನ್ನು ಗಮನಿಸಿ. ಅಂದಹಾಗೆ ಪರವಾನಗಿ ಇಲ್ಲದಿರುವುದು ಪ್ರತ್ಯೇಕ ಅಪರಾಧ. ಅದೊಂದರಿಂದಲೇ ಅಪಘಾತಕ್ಕೆ ಸವಾರನೂ ಕಾರಣ ಎಂದಾಗುವುದಿಲ್ಲವೆಂದು ಅದೇ ನ್ಯಾಯಾಲಯ 2008ರಲ್ಲೇ ಹೇಳಿದೆ.

ನಮ್ಮ ರಾಜ್ಯಕ್ಕೆ ಹೆಚ್ಚು ಹತ್ತಿರದ್ದು ನಿಂತ ಲಾರಿಯ ಪ್ರಶ್ನೆ. 2013ರಲ್ಲಿ ಹೆದ್ದಾರಿಯ ಮೇಲೆ ದೀಪವಿಲ್ಲದೆ ನಿಲ್ಲಿಸಿದ್ದ 14 ಚಕ್ರದ ಲಾರಿಗೆ ಕಾರೊಂದು ಹಿಂದಿನಿಂದ ಅಪ್ಪಳಿಸಿದ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಕಾರಿನ ಕಡೆಗೂ ಶೇ 50ರಷ್ಟು ತಪ್ಪು ಹೊರಿಸಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿ ಪೂರ್ತಿ ಹೊಣೆಯನ್ನು ಲಾರಿಯ ಮೇಲೆ ಹಾಕಿತು. ಪಾರ್ಕಿಂಗ್ ದೀಪ, ಸೂಚಕ, ಎಚ್ಚರಿಕೆಯ ಗುರುತು ಯಾವುದೂ ಇಲ್ಲದೆ ಹೆದ್ದಾರಿಯ ಮೇಲೆ ವಾಹನ ಬಿಟ್ಟರೆ ಹಿಂದಿನಿಂದ ಬರುವವನಿಗೆ ಅದು ಕಾಣಬೇಕಾದದ್ದು ಹೇಗೆ? ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯ, ಬೆಳಗಾವಿ, ಬಾಗಲಕೋಟೆಯ ರಸ್ತೆಗಳಲ್ಲಿ ರಿಫ್ಲೆಕ್ಟರ್ ಇಲ್ಲದ ಟ್ರೇಲರ್‌ಗಳ ನಡುವೆ ರಾತ್ರಿ ಓಡಾಡುವವರು ಈ ತೀರ್ಪನ್ನು ನೆನಪಿಡಬೇಕು.

ಸ್ಥಳದಲ್ಲಿ ಮೊದಲ ಅರ್ಧ ಗಂಟೆ

ಮೊದಲು ಜೀವ. ಹಜಾರ್ಡ್ ದೀಪ ಹಾಕಿ, ಹಿಂದೆ ಬರುವವರಿಗೆ ದೂರದಿಂದಲೇ ಕಾಣುವಂತೆ ತ್ರಿಕೋನ ಫಲಕ ಇಡಿ, ನಡೆಯಬಲ್ಲವರನ್ನೆಲ್ಲ ತಡೆಬೇಲಿಯ ಆಚೆಗೆ ಕಳಿಸಿ. ಮೊದಲ ಡಿಕ್ಕಿಯಲ್ಲಿ ಬದುಕಿ, ರಸ್ತೆ ನಡುವೆ ನಿಂತು ಜಗಳವಾಡುವಾಗ ಎರಡನೆಯದರಲ್ಲಿ ಸತ್ತವರಿದ್ದಾರೆ. 112, ಆಂಬುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಯಾದರೆ 1033, ಮೂರಕ್ಕೂ ಕರೆ ಮಾಡಬಹುದು. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು, ವಿಮಾ ಕಂಪನಿಗೆ ಬರೆದು ತಿಳಿಸುವುದು ಮೋಟಾರು ವಾಹನ ಕಾಯ್ದೆಯ ಕಲಂ 134ರ ಪ್ರಕಾರ ಚಾಲಕನ ಕರ್ತವ್ಯ. ಓಡಿಹೋದವನ ಮಾತನ್ನು ಆಮೇಲೆ ಯಾರೂ ನಂಬುವುದಿಲ್ಲ, ತಪ್ಪು ಅವನದಲ್ಲದಿದ್ದರೂ.

ವಾಹನಗಳನ್ನು ಬದಿಗೆ ಸರಿಸುವ ಮೊದಲು ಫೋಟೊ ತೆಗೆಯಿರಿ. ಜಜ್ಜಿದ ಬಂಪರನ್ನು ಹತ್ತಿರದಿಂದ ತೆಗೆದ ಇಪ್ಪತ್ತು ಚಿತ್ರಗಳಿಗಿಂತ, ಎರಡೂ ವಾಹನ, ಲೇನ್ ಗೆರೆ ಮತ್ತು ಕಿಲೋಮೀಟರ್ ಕಲ್ಲು ಒಂದೇ ಚೌಕಟ್ಟಿನಲ್ಲಿ ಕಾಣುವ ಎರಡು ಚಿತ್ರಗಳು ಹೆಚ್ಚು ಉಪಯುಕ್ತ. ಯಾವ ಲೇನ್‌ನಲ್ಲಿ, ಗೆರೆಗೆ ನೇರವಾಗಿ ನಿಂತಿದೆಯೇ ಓರೆಯಾಗಿದೆಯೇ, ಗಾಜು ಮತ್ತು ಪ್ಲಾಸ್ಟಿಕ್ ಚೂರು ಎಲ್ಲಿಂದ ಚೆಲ್ಲಲು ಶುರುವಾಗಿದೆ, ಟೈರ್ ಗುರುತು ಎಷ್ಟು ಉದ್ದ ಎಂಬುದೆಲ್ಲ ಅದರಲ್ಲಿ ಬರಬೇಕು. ವಾಹನ ಸರಿಸಲೇಬೇಕಾದರೆ ಚಕ್ರಗಳು ನಿಂತ ಜಾಗವನ್ನು ಸೀಮೆಸುಣ್ಣದಿಂದಲೋ ಕಲ್ಲಿನಿಂದಲೋ ಗುರುತಿಸಿ. ರಾತ್ರಿಯಾದರೆ, ಮುಂದಿನ ವಾಹನದ ಹಿಂಬದಿ ದೀಪ ಉರಿಯುತ್ತಿತ್ತೇ ಎಂಬುದು ಇಡೀ ಪ್ರಕರಣದ ಜೀವಾಳ. ಫ್ಲ್ಯಾಶ್ ಹಾಕಿಯೂ ಹಾಕದೆಯೂ ತೆಗೆಯಿರಿ. ಹಳೆಯ ಲಾರಿಗಳ ತಂತಿ ಬಲ್ಬು ಒಡೆದಿದ್ದರೆ ಚೂರನ್ನು ಎಸೆಯಗೊಡಬೇಡಿ. ಉರಿಯುತ್ತಿದ್ದ ಬಲ್ಬಿನ ಕಾದ ತಂತಿ ಹೊಡೆತಕ್ಕೆ ಎಳೆದುಕೊಂಡಿರುತ್ತದೆ, ಆರಿದ್ದ ಬಲ್ಬಿನ ತಂತಿ ಹಾಗಾಗುವುದಿಲ್ಲ. ಪರಿಣತರು ನೋಡಿ ಹೇಳಬಲ್ಲರು. ಎಲ್‌ಇಡಿ ದೀಪಗಳಲ್ಲಿ ಈ ಸಾಕ್ಷ್ಯ ಸಿಗದು.

ಡ್ಯಾಶ್ ಕ್ಯಾಮೆರಾ ಇದ್ದರೆ ಮೆಮೊರಿ ಕಾರ್ಡನ್ನು ತಕ್ಷಣ ಹೊರತೆಗೆದಿಡಿ, ಹೊಸ ದೃಶ್ಯ ಹಳೆಯದನ್ನು ಅಳಿಸುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹಂಚಿದ ಪ್ರತಿ ಕುಗ್ಗಿರುತ್ತದೆ, ಅದರ ದಿನಾಂಕದ ಮಾಹಿತಿಯೂ ಉಳಿಯುವುದಿಲ್ಲ. ನ್ಯಾಯಾಲಯಕ್ಕೆ ಪ್ರತಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣ ಪತ್ರ ಬೇಕು, ಆದ್ದರಿಂದ ಮೂಲ ಕಾರ್ಡ್ ನಿಮ್ಮಲ್ಲೇ ಇರಲಿ. ಪೆಟ್ರೋಲ್ ಬಂಕ್, ಢಾಬಾ, ಟೋಲ್ ಗೇಟ್‌ಗಳ ಸಿಸಿಟಿವಿ ದೃಶ್ಯಕ್ಕೆ ಆಯುಷ್ಯ ಕಡಿಮೆ. ಅದನ್ನು ವಶಪಡಿಸಿಕೊಳ್ಳಿ ಎಂದು ಮರುದಿನವೇ ತನಿಖಾಧಿಕಾರಿಗೆ ಲಿಖಿತ ಮನವಿ ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ದೃಶ್ಯ ಅಳಿದುಹೋದರೂ, ಕೇಳಿದ್ದಿರಿ ಎಂಬುದಕ್ಕೆ ದಾಖಲೆ ಇರುತ್ತದೆ.

ಬಾಯಿ ಮಾತಿನ ಬಗ್ಗೆ ಒಂದು ಎಚ್ಚರಿಕೆ. ಗಾಬರಿಯಲ್ಲಿ "ತಪ್ಪು ನನ್ನದೇ ಸ್ವಾಮಿ" ಎಂದವನ ಮಾತನ್ನು ಮೊಬೈಲ್‌ನಲ್ಲಿ ಹಿಡಿದುಕೊಳ್ಳಲು ಹತ್ತು ಜನರಿರುತ್ತಾರೆ. ಕ್ಷೇಮ ವಿಚಾರಿಸಿ, ವಿಳಾಸ ಕೊಡಿ. ಖಾಲಿ ಹಾಳೆಗೆ ಮಾತ್ರ ಸಹಿ ಹಾಕಬೇಡಿ.

ಪೆಟ್ಟನ್ನು ಓದುವುದು

ನೇರವಾಗಿ ಹಿಂಬಾಲಿಸಿ ಗುದ್ದಿದರೆ ಪೆಟ್ಟು ಎರಡೂ ವಾಹನಗಳ ಅಗಲಕ್ಕೆ ಹರಡಿರುತ್ತದೆ. ಮುಂದಿನವನು ಲೇನ್ ಬದಲಿಸುತ್ತ ಅಡ್ಡ ಬಂದಿದ್ದರೆ ಅವನ ಹಿಂಬದಿಯ ಒಂದು ಮೂಲೆ, ನಿಮ್ಮ ಮುಂಬದಿಯ ವಿರುದ್ಧ ಮೂಲೆ ಮಾತ್ರ ಒಳಗೆ ಹೋಗಿರುತ್ತದೆ, ಬದಿಯಲ್ಲಿ ಉದ್ದಕ್ಕೆ ಗೀರೂ ಇರಬಹುದು. ಅಡ್ಡ ಬಂದು ಮುಂದೆ ಸೇರಿಕೊಂಡವನಿಂದ ಅಂತರ ಬಿಡಲು ನಿಮಗೆ ಸಮಯವೇ ಸಿಕ್ಕಿರುವುದಿಲ್ಲ. ಹಿಂದಿನವನದ್ದೇ ತಪ್ಪು ಎಂಬ ಊಹೆ ಸುಲಭವಾಗಿ ಮುರಿಯುವ ಜಾಗ ಇದೇ.

ಜೋರಾಗಿ ಬ್ರೇಕ್ ಹಾಕಿದ ಕಾರಿನ ಮೂತಿ ಕೆಳಗೆ ಬಾಗುತ್ತದೆ. ಆದ್ದರಿಂದ ನಿಮ್ಮ ಕಾರಿನ ಪೆಟ್ಟು ಮುಂದಿನದರ ಬಂಪರ್‌ಗಿಂತ ಕೆಳಗೆ ಬಿದ್ದಿದ್ದರೆ ನೀವು ಬ್ರೇಕ್ ಹಾಕಿದ್ದಿರಿ ಎಂಬುದಕ್ಕೆ ಅದೊಂದು ಸುಳಿವು. "ಬ್ರೇಕ್ ಗುರುತೇ ಇಲ್ಲ, ಇವನು ಬ್ರೇಕ್ ಹಾಕಿಲ್ಲ" ಎಂಬ ವಾದ ಈಗಲೂ ಪಾಟಿ ಸವಾಲಿನಲ್ಲಿ ಬರುತ್ತದೆ. ಎಬಿಎಸ್ ಇರುವ ಕಾರು ಚಕ್ರ ಲಾಕ್ ಆಗಲು ಬಿಡುವುದಿಲ್ಲ, ಹಾಗಾಗಿ ಹಳೆಯ ಕಾಲದ ಕಡುಕಪ್ಪು ಪಟ್ಟಿ ಬೀಳದೇ ಇರಬಹುದು ಎಂದು ನಿಮ್ಮ ವಕೀಲರು ಹೇಳಬೇಕು.

ಸಾಲಾಗಿ ಮೂರು ಕಾರು ಗುದ್ದಿಕೊಂಡರೆ ನಡುವಿನವನ ಪಾಡು ಕಷ್ಟ. ಮೊದಲ ಕಾರಿನವನನ್ನು ಕೇಳಬೇಕಾದ ಪ್ರಶ್ನೆ ಒಂದೇ: ಎಷ್ಟು ಸಲ ಧಕ್ಕೆ ಆಯಿತು? ಒಂದೇ ಸಲ ಎಂದರೆ, ನಡುವಿನ ಕಾರು ಸಮಯಕ್ಕೆ ನಿಂತಿತ್ತು, ಹಿಂದಿನದು ತಳ್ಳಿದ್ದರಿಂದ ಮುಂದಕ್ಕೆ ಹೋಯಿತು ಎಂಬುದಕ್ಕೆ ಬಲ ಬರುತ್ತದೆ. ಎರಡು ಸಲ ಎಂದರೆ, ನಡುವಿನವನು ತಾನಾಗಿಯೇ ಒಮ್ಮೆ ಗುದ್ದಿದ್ದ, ಆಮೇಲೆ ಮತ್ತೊಬ್ಬ ಬಂದು ಅವನನ್ನು ಗುದ್ದಿದ. ನಡುವಿನ ಕಾರಿನ ಹಿಂಭಾಗ ಮುಂಭಾಗಕ್ಕಿಂತ ಬಹಳ ಹೆಚ್ಚು ಜಜ್ಜಿದ್ದರೆ ತಳ್ಳಲ್ಪಟ್ಟ ಕಥೆಗೆ ಮತ್ತಷ್ಟು ಬಲ. ನಡುವಿನ ಕಾರಿನಲ್ಲಿ ಇದ್ದವರು ನೀವಾದರೆ ಮೊದಲ ಕಾರಿನವರ ಫೋನ್ ನಂಬರ್ ಪಡೆಯದೆ ಅಲ್ಲಿಂದ ಹೊರಡಬೇಡಿ.

ಆಸ್ಪತ್ರೆ ಮತ್ತು ಠಾಣೆ

ಪ್ರಕರಣಗಳು ಹೆಚ್ಚಾಗಿ ಕೆಡುವುದು ಇಲ್ಲಿ. ಆಸ್ಪತ್ರೆಗೆ ಕರೆತಂದವರು ಯಾರೋ ದಾರಿಹೋಕರು. "ಏನಾಯಿತು?" ಎಂದು ಕೇಳಿದಾಗ "ಬೈಕ್‌ನಿಂದ ಬಿದ್ದರು" ಎನ್ನುತ್ತಾರೆ, ಪೊಲೀಸ್ ಪ್ರಕರಣವಾಗಬಹುದಾದ ಗಾಯಗಳನ್ನು ಆಸ್ಪತ್ರೆ ಬರೆದಿಡುವ ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ರಿಜಿಸ್ಟರಿನಲ್ಲಿ ಅದೇ ದಾಖಲಾಗುತ್ತದೆ. ಲಾರಿಯೊಂದು ಗಕ್ಕನೆ ನಿಂತದ್ದರ ಸುದ್ದಿಯೇ ಇಲ್ಲ. ಎರಡು ವರ್ಷದ ನಂತರ ವಿಮಾ ಕಂಪನಿಯ ವಕೀಲರು ಆ ಒಂದು ಸಾಲನ್ನು ಹಿಡಿದು, ಇದು ತಾನಾಗಿಯೇ ಬಿದ್ದ ಪ್ರಕರಣ, ಲಾರಿಯನ್ನು ಆಮೇಲೆ ಸೇರಿಸಿದ್ದಾರೆ ಎನ್ನುತ್ತಾರೆ. ಗಾಯಾಳುವಿನ ಕಡೆಯವರು ಆಸ್ಪತ್ರೆ ತಲುಪಿದ ಕೂಡಲೇ ಕರ್ತವ್ಯದಲ್ಲಿರುವ ವೈದ್ಯರಿಗೆ ಅಪಘಾತದ ವಿವರ, ಗೊತ್ತಿದ್ದರೆ ವಾಹನ ಸಂಖ್ಯೆ ಸಮೇತ ಹೇಳಿ ಬರೆಸಬೇಕು.

ದೂರು ಬರೆಯುವಾಗ ಠಾಣೆಯಲ್ಲಿ ಒಂದು ಸಿದ್ಧ ವಾಕ್ಯ ಇರುತ್ತದೆ: "ಅತಿವೇಗ ಮತ್ತು ನಿರ್ಲಕ್ಷ್ಯತನದಿಂದ ಚಲಾಯಿಸಿಕೊಂಡು ಬಂದು ಹಿಂದಿನಿಂದ ಡಿಕ್ಕಿಪಡಿಸಿದ್ದರಿಂದ." ಎಲ್ಲ ದೂರಿನಲ್ಲೂ ಇದೇ ಇರುವುದರಿಂದ ಇದರ ತೂಕ ಕಡಿಮೆ. ನಿಮ್ಮ ದೂರಿನಲ್ಲಿ ಸಂಗತಿ ಇರಲಿ: ಸಮಯ, ಸ್ಥಳ, ಯಾವ ಲೇನ್, ನಿಮ್ಮ ವೇಗ, ಅಂದಾಜು ಅಂತರ, ಸೂಚಕ ದೀಪ ಹಾಕಿದ್ದರೋ ಇಲ್ಲವೋ, ಬ್ರೇಕ್ ದೀಪ ಹೊತ್ತಿತೋ ಇಲ್ಲವೋ, ಮುಂದೆ ನಾಯಿ, ಗುಂಡಿ, ಬ್ಯಾರಿಕೇಡ್ ಏನಾದರೂ ಇತ್ತೇ. ಗಾಯಾಳುವನ್ನು ಉಳಿಸುವ ಓಡಾಟದಲ್ಲಿ ದೂರು ತಡವಾದರೆ ಕಾರಣವನ್ನು ದೂರಿನಲ್ಲೇ ಬರೆಯಿರಿ. ತಡವಾದದ್ದೊಂದೇ ಪರಿಹಾರ ನಿರಾಕರಿಸಲು ಕಾರಣವಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ.

ಸ್ಥಳ ಮಹಜರು ಮತ್ತು ನಕ್ಷೆ ಮಾಡುವ ಹೊತ್ತಿಗೆ ನಿಮ್ಮ ಕಡೆಯವರೊಬ್ಬರು ಅಲ್ಲಿರಲಿ. ಡಿಕ್ಕಿಯಾದ ಬಿಂದುವನ್ನು ನಕ್ಷೆಯಲ್ಲಿ ರಸ್ತೆ ಅಂಚಿನಿಂದ ಇಷ್ಟು ಅಡಿ ಎಂದು ಬರೆಯುತ್ತಾರೆ. ಆ ಅಂಕಿ ಎರಡಡಿ ಆಚೀಚೆಯಾದರೆ ಲಾರಿ ನಿಂತದ್ದು ಮಣ್ಣಿನ ಬದಿಯಲ್ಲೋ ಡಾಂಬರಿನ ಮೇಲೋ ಎಂಬುದೇ ತಿರುಗುಮುರುಗಾಗುತ್ತದೆ. ಮೋಟಾರು ವಾಹನ ನಿರೀಕ್ಷಕರ ವರದಿಯ ಕೊನೆಯಲ್ಲಿ ಸಾಮಾನ್ಯವಾಗಿ ಇರುವ ಮಾತು: ಅಪಘಾತ ಯಾಂತ್ರಿಕ ದೋಷದಿಂದ ಆದದ್ದಲ್ಲ. ಬ್ರೇಕ್ ನೋಡಿರುತ್ತಾರೆ, ಹಿಂಬದಿ ದೀಪ ಮತ್ತು ರಿಫ್ಲೆಕ್ಟರ್ ಇದ್ದವೇ ಎಂಬುದು ಎಷ್ಟೋ ಸಲ ಬಿಟ್ಟುಹೋಗುತ್ತದೆ. ಅದನ್ನೂ ಪರಿಶೀಲಿಸಿ ಬರೆಯಬೇಕೆಂದು ತಪಾಸಣೆಗೆ ಮೊದಲೇ ತನಿಖಾಧಿಕಾರಿಗೆ ಅರ್ಜಿ ಕೊಡಿ.

2022ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನದೊಳಗೆ ವಿವರವಾದ ಅಪಘಾತ ವರದಿಯನ್ನೂ ನ್ಯಾಯಮಂಡಳಿಗೆ ಕೊಡಬೇಕು. ಇವುಗಳ ಪ್ರತಿ ಕೇಳಿ ಪಡೆಯಿರಿ.

ದೋಷಾರೋಪ ಪಟ್ಟಿ ಬಂದ ಮೇಲೆ

ಪೊಲೀಸರು ಒಬ್ಬ ಚಾಲಕನ ಮೇಲೆ ದೋಷಾರೋಪ ಪಟ್ಟಿ ಸಲ್ಲಿಸುತ್ತಾರೆ. ನ್ಯಾಯಮಂಡಳಿ ಅದಕ್ಕೆ ಬೆಲೆ ಕೊಡುತ್ತದೆ, ಆದರೆ ಅದೇ ಅಂತಿಮವಲ್ಲ. ಅದನ್ನು ಪ್ರಶ್ನಿಸಬೇಕಾದವರು ಸಾಕ್ಷಿ ಕಟ್ಟೆ ಹತ್ತಬೇಕು. ಲಾರಿ ಚಾಲಕ ಬಂದು ಹೇಳಿಕೆ ಕೊಡದಿದ್ದರೆ ಅವನ ವಿಮಾ ಕಂಪನಿಯ ವಾದ ಸೊರಗುತ್ತದೆ.

ಹಿಂದಿನಿಂದ ಗುದ್ದಿದ ಚಾಲಕ ನೀವಾಗಿ, ನಿಮ್ಮ ಮೇಲೆ ಪ್ರಕರಣ ಆಗಿದ್ದರೆ ಒಂದು ಮಾತು. ಅಲೆದಾಟ ಯಾರಿಗೆ ಬೇಕು ಎಂದು ಮ್ಯಾಜಿಸ್ಟ್ರೇಟ್ ಮುಂದೆ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮುಗಿಸುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಆ ಆದೇಶದ ಪ್ರಮಾಣಿತ ಪ್ರತಿ ನ್ಯಾಯಮಂಡಳಿಯಲ್ಲಿ ನಿಮ್ಮ ವಿರುದ್ಧದ ಸಾಕ್ಷ್ಯವಾಗುತ್ತದೆ. ನಿಮಗೂ ಗಾಯವಾಗಿದ್ದು, ಮುಂದಿನ ವಾಹನದಿಂದ ಪರಿಹಾರ ಕೇಳುವ ಯೋಚನೆ ಇದ್ದರೆ ವಕೀಲರನ್ನು ಕೇಳದೆ ಒಪ್ಪಿಕೊಳ್ಳಬೇಡಿ.

ನೀವು ಯಾರು ಎಂಬುದರ ಮೇಲೆ ಪರಿಹಾರ

ಗುದ್ದಿದ ಕಾರಿನಲ್ಲಿ ಸುಮ್ಮನೆ ಕೂತಿದ್ದ ಪ್ರಯಾಣಿಕರು ನೀವಾದರೆ, ಚಾಲಕನ ತಪ್ಪಿನ ಪಾಲನ್ನು ನಿಮ್ಮ ಪರಿಹಾರದಿಂದ ಕಳೆಯುವಂತಿಲ್ಲ. ಚಾಲಕ ನಿಮ್ಮ ಗಂಡನೋ ಮಗನೋ ಆಗಿದ್ದರೂ ಅಷ್ಟೇ. ಎರಡೂ ವಾಹನದವರ ತಪ್ಪು ಸೇರಿ ಮೂರನೆಯವನಿಗೆ ಪೆಟ್ಟಾದಾಗ ಅವನು ಪೂರ್ತಿ ಮೊತ್ತವನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ಕೇಳಬಹುದು, ಹಂಚಿಕೆ ಅವರವರು ನೋಡಿಕೊಳ್ಳಲಿ ಎಂಬುದು 2015ರ ಸುಪ್ರೀಂ ಕೋರ್ಟ್ ತೀರ್ಪಿನ ಸಾರ. ಚಾಲಕ ಸ್ವತಃ ಅರ್ಜಿದಾರನಾದರೆ ಅವನ ಪಾಲಿನ ತಪ್ಪಿಗೆ ತಕ್ಕಷ್ಟು ಮೊತ್ತ ಕಡಿತವಾಗುತ್ತದೆ. ಈ ವ್ಯತ್ಯಾಸ ತಿಳಿಯದೆ, ತಪ್ಪು ನಮ್ಮ ಕಾರಿನದೇ ಎಂದುಕೊಂಡು ಅರ್ಜಿಯನ್ನೇ ಹಾಕದ ಕುಟುಂಬಗಳಿವೆ.

ಅರ್ಜಿಗೆ ಅವಧಿ ಆರು ತಿಂಗಳು, 2022ರ ಏಪ್ರಿಲ್‌ನಿಂದ ಮೋಟಾರು ವಾಹನ ಕಾಯ್ದೆಯ ಕಲಂ 166(3) ಹೀಗೆ ಹೇಳುತ್ತದೆ. ಅಪಘಾತ ಎಲ್ಲೇ ಆಗಿರಲಿ, ನೀವು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಹಾಕಬಹುದು. ತಪ್ಪು ಯಾರದೆಂದು ಹೇಳುವುದು ಕಷ್ಟವೆನಿಸಿದರೆ ಕಲಂ 164ರ ದಾರಿ ಇದೆ: ನಿರ್ಲಕ್ಷ್ಯ ಸಾಬೀತುಪಡಿಸದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ಕಲಂ 161ರ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000.

ಉಳಿದದ್ದು, ತಪ್ಪು ಪೂರ್ತಿ ತನ್ನದೇ ಆದ ಚಾಲಕ. ಇಳಕಲ್‌ನಿಂದ ಗುಡೂರಿನ ಕಡೆ ಎರವಲು ಪಡೆದ ಬೈಕಿನಲ್ಲಿ ಹೊರಟವನೊಬ್ಬ, ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನಗಾಡಿ ತಟ್ಟನೆ ನಿಂತಾಗ ಹಿಂದಿನಿಂದ ಬಡಿದು ಸತ್ತ ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ಬೈಕನ್ನು ಎರವಲು ಪಡೆದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ತಪ್ಪು ಸಾಬೀತು ಬೇಡದ ಆಗಿನ ಕಲಂ 163-ಎ ಅಡಿಯಲ್ಲಿ ಅವನ ವಾರಸುದಾರರು ಅದೇ ಬೈಕಿನ ವಿಮೆಯಿಂದ ಪರಿಹಾರ ಕೇಳಲಾಗದು ಎಂದು 2009ರಲ್ಲಿ ನ್ಯಾಯಾಲಯ ಹೇಳಿತು. ಇಂಥ ಹೊತ್ತಿಗೆ ಮಾಲೀಕ-ಚಾಲಕನ ಕೈ ಹಿಡಿಯುವುದು ಅವನ ಪಾಲಿಸಿಯಲ್ಲಿರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ. ಅದು ಮಾಲೀಕನಿಗೆ ಮಾತ್ರ. ಮಗನೋ ಗೆಳೆಯನೋ ಓಡಿಸುವ ರೂಢಿಯಿದ್ದರೆ ಅವರಿಗಾಗಿ ಬೇರೆ ವೈಯಕ್ತಿಕ ಅಪಘಾತ ವಿಮೆ ಇದೆಯೇ ಎಂದು ಪಾಲಿಸಿ ನವೀಕರಿಸುವ ದಿನವೇ ನೋಡಿಕೊಳ್ಳಿ.